ಕೆಂಪು ಕ್ಯಾಲಿಪರ್ ನೆಪದಲ್ಲಿ

ನಮ್ಮ ಕಾಲೇಜಿನ ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಅಲಾಯ್ ವೀಲ್ ಸಂದಿಯಿಂದ ಕೆಂಪಗೆ ಇಣುಕುವ ಬ್ರೇಕ್ ಕ್ಯಾಲಿಪರ್ ಇರೋ ಕಾರು ಒಂದೆರಡಾದರೂ ಸಿಗುತ್ತವೆ. ಕೆಲವಕ್ಕೆ ಬ್ರೆಂಬೊ ಅಂತ ಸ್ಟಿಕ್ಕರ್ ಬೇರೆ. 1961ರಲ್ಲಿ ಇಟಲಿಯಲ್ಲಿ ಶುರುವಾದ ಆ ಕಂಪನಿ ರೇಸ್ ಕಾರುಗಳಿಗೆ ಬ್ರೇಕ್ ಮಾಡಿಕೊಡುತ್ತೆ, ನಮ್ಮ ಪಾರ್ಕಿಂಗಿಗೆ ಬಂದಿರೋದು ಸ್ಟಿಕ್ಕರ್ ಮಾತ್ರ. ಇದನ್ನು ನೋಡಿ ನಗುವವರಿದ್ದಾರೆ. ನಾವು ನಗುವುದಿಲ್ಲ. ಯಾಕೆಂದರೆ ಕ್ಯಾಲಿಪರ್‌ಗೆ ಬಣ್ಣ ಹಚ್ಚಬೇಕಾದರೆ ಚಕ್ರ ಬಿಚ್ಚಲೇಬೇಕು. ಚಕ್ರದ ಹಿಂದೆ ಏನಿದೆ ಅಂತ ಮನೆಯವರು ಯಾರೂ ಸುಮ್ಮಸುಮ್ಮನೆ ಬಗ್ಗಿ ನೋಡುವುದಿಲ್ಲ.

ನಾವು ಅಂದರೆ ಒಂದೇ ಬಾಡಿಗೆ ಮನೆಯಲ್ಲಿರೋ ಮೂರು ಜನ, ಮೆಕ್ಯಾನಿಕಲ್ ಬ್ರಾಂಚ್. ರೂಮಿನಲ್ಲಿ ಒಬ್ಬರನ್ನೊಬ್ಬರು ಕರೆಯೋದು ಊರ ಹೆಸರಿನಿಂದಲೇ: ತೀರ್ಥಹಳ್ಳಿ, ಗದಗ, ಕೋಲಾರ. ತೀರ್ಥಹಳ್ಳಿಯ ಮನೆಯಲ್ಲಿ ಒಂದು ಹಳೇ ಆಲ್ಟೊ ಇದೆ. ತಿಂಗಳಿಗೊಮ್ಮೆ ಅವನ ಅಪ್ಪಯ್ಯ ಅದರಲ್ಲೇ ಅಜ್ಜಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಚೆಕಪ್ಪಿಗೆ ಹೋಗಿಬರುತ್ತಾರೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅಜ್ಜಿಗೆ ವಾಂತಿ. ‘ಈ ಬದಿ ತೊಟ್ಟಿಲು ತೂಗಿದ ಹಾಗೆ ಆಗ್ತದೆ’ ಅಂತ ಅಜ್ಜಿ ಹೇಳುತ್ತಲೇ ಇದ್ದರಂತೆ. ಘಾಟಿಯಲ್ಲಿ ವಯಸ್ಸಾದವರಿಗೆ ವಾಂತಿಯಾಗೋದು ಸಹಜ ಅಂತ ಮನೆಯಲ್ಲಿ ಒಂದು ನಿಂಬೆಹಣ್ಣು ಕೈಗೆ ಕೊಟ್ಟು ಕಳಿಸುತ್ತಿದ್ದರು.

ಇಂಟರ್ನ್‌ಶಿಪ್ಪಿನಲ್ಲಿ ಬಂದ ಸ್ಟೈಪೆಂಡನ್ನು ತೀರ್ಥಹಳ್ಳಿ ಮುಟ್ಟದೆ ಇಟ್ಟಿದ್ದ, ಆ ಆಲ್ಟೊಗೆ ಅಲಾಯ್ ಹಾಕಿಸೋಕೆ. ಅದಕ್ಕೂ ಮೊದಲು ಕ್ಯಾಲಿಪರ್ ಕೆಂಪಾಗಬೇಕು. ಆಯುಧಪೂಜೆಗೆ ಹೇಗೂ ಗಾಡಿ ತೊಳೆಯಬೇಕಲ್ಲ, ಬನ್ನಿ ಮಾರಾಯ್ರಾ ಅಂತ ನಮ್ಮಿಬ್ಬರನ್ನೂ ರಜೆಗೆ ಊರಿಗೆ ಎಳೆದುಕೊಂಡು ಹೋದ.

‘ಬಣ್ಣ ಹಚ್ಚಿದ್ರ ಬ್ರೇಕ್ ಛಲೋ ಹತ್ತತಾವೇನಲೇ?’ ಗದಗ ಬಸ್ಸಿನಲ್ಲೇ ಕೇಳಿದ. ಇಲ್ಲ. ತುಕ್ಕು ಸ್ವಲ್ಪ ತಡೆಯುತ್ತೆ, ಉಳಿದದ್ದು ಚೆಂದಕ್ಕೆ. ಆದರೆ ಬಣ್ಣ ಯಾವುದಾದರೂ ನಡೆಯುತ್ತೆ ಅನ್ನುವಂತಿಲ್ಲ. ಜನ ಸೇರಿ 900 ಕೆಜಿ ತೂಗುವ ಗಾಡಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಲ್ಲಿಸಿದರೆ ಸುಮಾರು 125 ಕಿಲೋಜೂಲ್ ಶಾಖ. ಅದೇ ಗಾಡಿ ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಇಳಿದರೆ ಎಂಜಿಎಚ್ ಲೆಕ್ಕದಲ್ಲಿ ಸುಮಾರು 4,400 ಕಿಲೋಜೂಲ್. ಅಂದರೆ 60ರ ವೇಗದಲ್ಲಿ 35 ಸಲ ಬ್ರೇಕ್ ಹೊಡೆದು ನಿಲ್ಲಿಸಿದ ಹಾಗೆ. ಸೆಕೆಂಡ್ ಗೇರಿನಲ್ಲಿ ಇಳಿದರೆ ಒಂದು ಪಾಲನ್ನು ಎಂಜಿನ್ ಹೊರುತ್ತೆ, ಉಳಿದದ್ದು ಬ್ರೇಕಿಗೆ. ಅದಕ್ಕೇ ಹೈ ಟೆಂಪರೇಚರ್ ಪೇಂಟೇ ಬೇಕು. ಗೇಟಿಗೆ ಹೊಡೆಯೋ ಎನಾಮಲ್ ಅಲ್ಲಿ ಉಳಿಯುವುದಿಲ್ಲ.

ಕೆಲಸ ಹೀಗೆ ನಡೀತು. ಸಮತಟ್ಟಾದ ಅಂಗಳ. ಗಾಡಿ ಗೇರಿನಲ್ಲಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು. ಚಕ್ರ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡಿ ಆಮೇಲೆ ಜಾಕ್. ಜಾಕ್ ಇರೋದು ಎತ್ತೋಕೆ ಮಾತ್ರ, ಹೊರೋಕೆ ಅಲ್ಲ. ಪೇಟೆಯ ಗ್ಯಾರೇಜಿನಿಂದ ತಂದ ಆಕ್ಸಲ್ ಸ್ಟ್ಯಾಂಡ್ ಕೊಟ್ಟ ಮೇಲೇ ಚಕ್ರ ತೆಗೆದದ್ದು. ಇಟ್ಟಿಗೆ, ಜಂಬಿಟ್ಟಿಗೆ ಇಟ್ಟು ಕೆಲಸ ಮಾಡೋರನ್ನು ನೋಡಿದ್ದೇವೆ. ಅವು ಒಡೆಯುವ ಮುಂಚೆ ಹೇಳಿ ಒಡೆಯುವುದಿಲ್ಲ.

ಬ್ರೇಕಿನ ಧೂಳು ಊದಬಾರದು, ಉಸಿರಿನೊಳಗೆ ಹೋಗುತ್ತೆ. ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಂಡು ವೈರ್ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಜಿಡ್ಡು ತೆಗೆದೆವು. ಆಮೇಲೆ ಮಾಸ್ಕಿಂಗ್ ಟೇಪ್: ಡಿಸ್ಕ್, ಪ್ಯಾಡ್, ಪಿಸ್ಟನ್ನಿನ ರಬ್ಬರ್, ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್, ಬ್ಲೀಡರ್ ನಿಪ್ಪಲ್, ಹೋಸ್. ಬ್ರೇಕ್ ಆಯಿಲ್ ಲೈನ್ ಬಿಚ್ಚಲಿಲ್ಲ. ಬಿಚ್ಚಿದರೆ ಗಾಳಿ ಸೇರುತ್ತೆ, ಮೇಲಾಗಿ ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣವೇ ಏಳುತ್ತೆ. ಬ್ರಷ್ಷಿನಿಂದ ತೆಳುವಾಗಿ ಮೂರು ಕೋಟ್, ನಡುವೆ ಒಣಗೋಕೆ ಬಿಡೋದು. ಪ್ಯಾಡ್ ಕೂತು ಜಾರೋ ಜಾಗಕ್ಕೆ ಬಣ್ಣ ತಾಗಿಸಬಾರದು, ತಾಗಿದರೆ ಪ್ಯಾಡ್ ಅಲ್ಲೇ ಕಚ್ಚಿಕೊಳ್ಳಬಹುದು.

ಆಲ್ಟೊದಲ್ಲಿ ಡಿಸ್ಕ್ ಇರೋದು ಮುಂದೆ ಮಾತ್ರ, ಹಿಂದೆ ಡ್ರಮ್. ‘ಮುಂದೆ ಕೆಂಪು, ಹಿಂದೆ ತುಕ್ಕು ಅಂದ್ರೆ ಚೆನ್ನಾಗಿರಲ್ಲಪ್ಪಾ, ಡ್ರಮ್‌ಗೆ ಕಪ್ಪು ಹೊಡೆಯೋಣ’ ಅಂದ ಕೋಲಾರ. ಈ ಒಂದು ಮಾತಿನಿಂದ ಹಿಂದಿನ ಚಕ್ರಗಳೂ ಕಳಚಿದವು.

ಹಿಂದಿನ ಎಡಚಕ್ರ ತೆಗೆದಾಗ ಶಾಕ್ ಅಬ್ಸಾರ್ಬರ್ ಕಂಡಿತು. ಮೇಲಿನ ಅರ್ಧ ಒಣಗಿದೆ, ಕೆಳಗಿನ ಅರ್ಧಕ್ಕೆ ಎಣ್ಣೆ ಇಳಿದು ಅದರ ಮೇಲೆ ಕೆಂಪು ಧೂಳು ಮೆತ್ತಿ ಹಿಟ್ಟಿನ ಹಾಗೆ ಗಟ್ಟಿಯಾಗಿದೆ. ಸೀಲಿನ ಹತ್ತಿರ ತೆಳ್ಳಗೆ ಪಸೆ ಇದ್ದರೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಇದು ಪಸೆಯಲ್ಲ, ಸೋರಿಕೆ. ಕಳಚಿಟ್ಟ ಟೈರಿನ ಮೇಲೆ ಅಂಗೈ ಆಡಿಸಿದರೆ ಸುತ್ತಲೂ ಅಲೆ ಅಲೆಯಾಗಿ ತಗ್ಗು. ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದರೆ ಟೈರ್ ಸವೆಯೋದು ಹೀಗೇ. ಬಲಗಡೆ ಬಿಚ್ಚಿ ನೋಡಿದೆವು: ಶಾಕ್ ಒಣಗಿದೆ, ಟೈರ್ ನುಣುಪಾಗಿದೆ.

ಅಪ್ಪಯ್ಯನನ್ನು ಕರೆದು ತೋರಿಸಿದರೆ, ‘ಕುಲುಕೋದು ಗಾಡಿ ಅಲ್ಲ ಕಣ್ರೋ, ರಸ್ತೆ’ ಅಂದರು. ಅವರ ಮಾತಲ್ಲಿ ಅರ್ಧ ಸತ್ಯ ಇತ್ತು. ಗಾಡಿ ಸ್ಟಾರ್ಟ್ ಆಗ್ತಿದೆ, ಓಡ್ತಿದೆ, ನಿಲ್ತಿದೆ. ಶಾಕ್ ಒಂದು ದಿನದಲ್ಲಿ ಕೆಡುವುದಿಲ್ಲ. ತಿಂಗಳು ತಿಂಗಳು ಒಂದೊಂದು ಹನಿ ಎಣ್ಣೆ ಹೋಗುತ್ತೆ, ಓಡಿಸುವವರ ಕೈ ಅದಕ್ಕೆ ಒಗ್ಗಿಕೊಳ್ಳುತ್ತೆ.

ಮಾತಿಗಿಂತ ಅಳತೆ ವಾಸಿ ಅಂತ ಚಕ್ರ ಹಾಕಿ ಗಾಡಿ ಇಳಿಸಿದೆವು. ವೈಬ್ರೇಷನ್ಸ್ ಸಬ್ಜೆಕ್ಟಿನಲ್ಲಿ ಸ್ಪ್ರಿಂಗ್, ಮಾಸ್, ಡ್ಯಾಂಪರ್ ಅಂತ ಮೂರು ಗೆರೆಯ ಚಿತ್ರ ಬರೀತೀವಲ್ಲ, ಅದರ ಡ್ಯಾಂಪರ್ ಇದೇ. ಶಾಕ್ ಅಬ್ಸಾರ್ಬರ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. ಗುಂಡಿಯ ಹೊಡೆತವನ್ನು ಮೊದಲು ನುಂಗೋದು ಸ್ಪ್ರಿಂಗ್. ನುಂಗಿದ್ದನ್ನು ಅದು ವಾಪಸ್ ಕೊಡದೇ ಬಿಡಲ್ಲ. ಹಾಗೆ ಕೊಡುವಾಗ ಒಳಗಿನ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸಿ, ಕುಣಿತವನ್ನು ಶಾಖ ಮಾಡಿ ಮುಗಿಸೋದು ಡ್ಯಾಂಪರ್. ಬ್ರೇಕ್ ಗಾಡಿಯ ಓಟವನ್ನು ಶಾಖ ಮಾಡಿದರೆ, ಇದು ಗಾಡಿಯ ಕುಣಿತವನ್ನು ಶಾಖ ಮಾಡುತ್ತೆ.

ಬಂಪರಿನ ಎಡಮೂಲೆಗೆ ಸ್ಟೀಲ್ ಸ್ಕೇಲ್ ಅಂಟಿಸಿ, ಪಕ್ಕದಲ್ಲಿ ಒಂದು ಕೋಲು ನೆಟ್ಟು, ಫೋನನ್ನು ಸ್ಲೋ ಮೋಷನ್ನಿಗೆ ಹಾಕಿ ಸ್ಟೂಲಿನ ಮೇಲಿಟ್ಟೆವು. ಗದಗ, ಕೋಲಾರ ಇಬ್ಬರೂ ಆ ಮೂಲೆಯನ್ನು ಬಲವಾಗಿ ಒತ್ತಿ ತಟ್ಟನೆ ಬಿಟ್ಟರು. ಎಡಗಡೆ ಮೊದಲ ಶಿಖರ 32 ಮಿಲಿಮೀಟರ್, ಮುಂದಿನದು 14. ಲಾಗರಿದ್ಮಿಕ್ ಡಿಕ್ರಿಮೆಂಟ್ ಸುಮಾರು 0.83, ಅದರಿಂದ ಡ್ಯಾಂಪಿಂಗ್ ರೇಷಿಯೊ 0.13. ಬಲಗಡೆ ಒಂದೇ ಸಲ ಮೇಲೆ ಬಂದು ಕೂತುಬಿಟ್ಟಿತು, ಎರಡನೇ ಶಿಖರ ಸ್ಕೇಲಿನಲ್ಲಿ ಓದೋಕೇ ಸಿಗಲಿಲ್ಲ. ಸಾಮಾನ್ಯ ಕಾರಿಗೆ 0.2ರಿಂದ 0.4ರ ಆಸುಪಾಸು ಇಟ್ಟಿರುತ್ತಾರೆ. ಹಿಂದಿನ ಆಕ್ಸಲ್ ಎರಡು ಚಕ್ರಗಳನ್ನೂ ಬೆಸೆದಿರೋದರಿಂದ ನಮ್ಮ ಅಂಕಿಯನ್ನು ಪೇಪರಿಗೆ ಹಾಕುವಂತಿಲ್ಲ, ಆದರೆ ಎಡಕ್ಕೂ ಬಲಕ್ಕೂ ಇರೋ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ಸಿಕ್ಕಿಬೀಳೋದು ಪೂರ್ತಿ ಸತ್ತ ಶಾಕ್ ಮಾತ್ರ. ಅರ್ಧ ಸವೆದದ್ದು ಪಾಸಾಗಿಬಿಡುತ್ತೆ. ಹಾಗಾಗಿ ಸೋರಿಕೆ ಮತ್ತು ಟೈರನ್ನೂ ನೋಡಲೇಬೇಕು.

ಅಪ್ಪಯ್ಯ ವಿಡಿಯೋ ಎರಡು ಸಲ ನೋಡಿದರು. ‘ಆದ್ರೆ ಬ್ರೇಕಿಗೂ ಇದಕ್ಕೂ ಎಂಥ ಸಂಬಂಧ?’ ಅಂದರು. ಬ್ರೇಕ್ ಎಷ್ಟೇ ಹಿಡಿಯಲಿ, ಗಾಡಿಯನ್ನು ಕೊನೆಗೆ ನಿಲ್ಲಿಸೋದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಅದಕ್ಕೆ ಮಿತಿ ಮ್ಯೂ ಗುಣಿಸು ಎನ್. ಚಕ್ರ ಕುಣಿದಾಗ ಆ ಎನ್ ಏರಿಳಿಯುತ್ತೆ, ಚಕ್ರ ನೆಲ ಬಿಟ್ಟ ಕ್ಷಣ ಸೊನ್ನೆ. ಒದ್ದೆ ತಿರುವಿನಲ್ಲಿ ಹಿಂದಿನ ಒಂದು ಚಕ್ರ ಹಾಗೆ ನೆಲ ಬಿಟ್ಟರೆ ಗಾಡಿಯ ಹಿಂಬದಿ ಆಚೆ ಜಾರಬಹುದು. ನಾವು ಇಷ್ಟು ಹೇಳಿದ್ದನ್ನು ಅವರು ಪೂರ್ತಿ ಕೇಳಿದರೋ ಇಲ್ಲವೋ, ‘ಅಮ್ಮ ಕೂರೋದು ಅದೇ ಮೂಲೆ ಅಲ್ವಾ?’ ಅಂತ ತಾವೇ ಕೇಳಿಕೊಂಡರು.

ಹೌದು, ಹಿಂದಿನ ಸೀಟು, ಎಡಬದಿ. ತೊಟ್ಟಿಲಿನ ಮಾತು ನಮ್ಮ ಡಿಕ್ರಿಮೆಂಟಿಗಿಂತ ಎಷ್ಟೋ ಮುಂಚೆ ಬಂದ ರೀಡಿಂಗ್. ಯಾವ ಬದಿ ಅಂತಲೂ ಅಜ್ಜಿ ಹೇಳಿದ್ದರು.

ಅಲಾಯ್ ದುಡ್ಡಿನಲ್ಲಿ ಹಿಂದಿನ ಎರಡೂ ಶಾಕ್, ಬುಷ್, ಒಂದು ಟೈರ್ ಬಂತು. ಹಾಳಾಗಿದ್ದು ಒಂದೇ ಆದರೂ ಒಂದು ಆಕ್ಸಲ್ಲಿಗೆ ಜೋಡಿ ಹಾಕಬೇಕು, ಇಲ್ಲದಿದ್ದರೆ ಎಡ ಒಂದು ಥರ ಬಲ ಒಂದು ಥರ ಆಗುತ್ತೆ. ನಮ್ಮ ಆಲ್ಟೊದ ಹಿಂದೆ ಸ್ಪ್ರಿಂಗ್ ಬೇರೆ ಶಾಕ್ ಬೇರೆ ಇರೋದರಿಂದ ಆಕ್ಸಲ್ಲಿಗೂ ಆಸರೆ ಕೊಟ್ಟು ಅಂಗಳದಲ್ಲೇ ಬದಲಾಯಿಸಿದೆವು. ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್, ಅದರಲ್ಲಿ ಸ್ಪ್ರಿಂಗ್ ಒತ್ತಿ ಕೂರಿಸಿರುತ್ತೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದನ್ನು ಮನೆಯಲ್ಲಿ ಬಿಚ್ಚೋದು ಜೀವಕ್ಕೆ ಅಪಾಯ, ಗ್ಯಾರೇಜಿಗೇ ಕೊಡಿ. ಕಳಚಿದ ಎಡಗಡೆ ಶಾಕನ್ನು ಗದಗ ಕೈಯಲ್ಲಿ ಒತ್ತಿದ, ಎಳೆದ. ‘ಇದು ವಾಶರ್ ಹೋದ ಸೈಕಲ್ ಪಂಪ್ ಆಗೇತಲೇ’ ಅಂದ. ಹೊಸದನ್ನು ಒತ್ತೋಕೆ ಮೈಭಾರ ಬೇಕಾಯಿತು. ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಹೊರಡುವ ಮುಂಚೆ ಬ್ರೇಕ್ ಪೆಡಲ್ ನಾಲ್ಕು ಸಲ ಒತ್ತಿ ಗಟ್ಟಿಯಾಗಿದೆ ಅಂತ ನೋಡಿಕೊಂಡೆವು.

ಪೂಜೆಯ ದಿನ ಗಾಡಿಗೆ ಹೂವು ಹಾಕುವಾಗ ಅಜ್ಜಿ ಚಕ್ರದ ಕಡೆ ಬಗ್ಗಿ, ‘ಒಳಗೆ ಯಾಕ್ರೋ ಕುಂಕುಮ ಹಚ್ಚಿದ್ದು?’ ಅಂತ ಕೇಳಿದರು. ಆ ತಿಂಗಳ ಚೆಕಪ್ಪಿಗೆ ಹೋಗುವಾಗಲೂ ನಿಂಬೆಹಣ್ಣು ಕೈಯಲ್ಲಿತ್ತು. ಒಂದು ಸಲ ವಾಂತಿಯೂ ಆಯಿತಂತೆ, ಮುಂಚೆ ಮೂರು ನಾಲ್ಕು ಸಲ ಆಗುತ್ತಿತ್ತು. ತಿರುವು 14 ಇದ್ದೇ ಇವೆ, ಡ್ಯಾಂಪರ್ ರಸ್ತೆಯನ್ನು ನೆಟ್ಟಗೆ ಮಾಡುವುದಿಲ್ಲ. ತೊಟ್ಟಿಲು ಮಾತ್ರ ನಿಂತಿದೆ ಅಂತ ಅಜ್ಜಿ ಹೇಳಿದ್ದಾರೆ. ಈ ಸಲ ಅದನ್ನು ನಾವು ಬರೆದಿಟ್ಟುಕೊಂಡಿದ್ದೇವೆ.

ನಿಮ್ಮ ಮನೆಯಲ್ಲೂ ಹತ್ತು ವರ್ಷ ದಾಟಿದ ಗಾಡಿ ಇರಬಹುದು. ಶಾಕ್ ಚೆಕ್ ಮಾಡ್ತೀನಿ ಅಂದರೆ ಮನೆಯಲ್ಲಿ ಯಾರೂ ಸ್ಪ್ಯಾನರ್ ಮುಟ್ಟೋಕೆ ಬಿಡಲ್ಲ, ಕೆಂಪು ಬಣ್ಣ ಹಚ್ತೀನಿ ಅಂದರೆ ಹಾಳಾಗಿ ಹೋಗು ಅಂತ ಬಿಡ್ತಾರೆ. ಹಚ್ಚಿ. ಬ್ರಷ್ ಒಣಗೋ ಹೊತ್ತಿನಲ್ಲಿ ಸ್ವಲ್ಪ ಬಗ್ಗಿ ಒಳಗೆ ನೋಡಿ. ಅದಕ್ಕೂ ಮುಂಚೆ ಹಿಂದಿನ ಸೀಟಿನಲ್ಲಿ ಕೂರೋರನ್ನು ಒಂದು ಮಾತು ಕೇಳಿ.