ಸಮುದ್ರ ದೂರ, ಮಳೆ ಹತ್ತಿರ

ಟಿ.ವಿ.ಯಲ್ಲಿ ಚಂಡಮಾರುತದ ಸುದ್ದಿ ಬಂದರೆ ನಮ್ಮಲ್ಲಿ ಹೆಚ್ಚಿನವರು ಚಾನೆಲ್ ಬದಲಿಸುತ್ತೇವೆ. ಕಡಲೇ ಇಲ್ಲದ ಬೆಂಗಳೂರಿಗೆ ಅದರಿಂದೇನು ಎಂದು ನಿಮಗೂ ಅನಿಸಿರಬಹುದು.

ಚಂಡಮಾರುತಕ್ಕೆ ಬಲ ಕೊಡುವುದು ಬೆಚ್ಚಗಿನ ಸಮುದ್ರದ ನೀರಾವಿ. ನೆಲಕ್ಕೆ ಬಂದ ಮೇಲೆ ಅದು ಸಿಗದೆ ಗಾಳಿ ಸೊರಗುತ್ತದೆ. ಆದರೆ ಮೋಡಗಳು ಒಳನಾಡಿಗೂ ಬಂದು ಸುರಿಯುತ್ತವೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ನಮ್ಮ ಊರಿಗೂ ಮಳೆ, ಚಳಿ ತಂದದ್ದು ನಿಮಗೆ ನೆನಪಿರಬಹುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯ ಸುದ್ದಿ ನಮ್ಮ ಸುದ್ದಿಯೂ ಹೌದು.

ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳ ನೀರು ವೃಷಭಾವತಿಗೆ ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಯತ್ತ ಹರಿಯುತ್ತದೆ. ಎಲ್ಲೆಲ್ಲೂ ಸಿಮೆಂಟು, ನೀರು ಇಂಗಲು ಮಣ್ಣಿಲ್ಲ. ನಮ್ಮ ಬೀದಿಯಲ್ಲಿ ಮಳೆ ನಿಂತಿದ್ದರೂ ಮೇಲಿನ ಬಡಾವಣೆಯ ನೀರು ಬಂದು ನುಗ್ಗಬಹುದು.

ನಮ್ಮ ಗಲ್ಲಿಯಲ್ಲಿ ಒಂದು ಮನೆ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗಿದೆ. ಅಲ್ಲಿನ ಖಾಲಾ ಹಾಸಿಗೆ ಹಿಡಿದು ವರ್ಷಗಳಾದವು. ಒಂದು ರಾತ್ರಿ ಚರಂಡಿ ನೀರು ಒಳಬಂದಾಗ ಮನೆಯಲ್ಲಿದ್ದವಳು ಸೊಸೆ ಒಬ್ಬಳೇ. ಅತ್ತೆಯನ್ನು ಎತ್ತಲಾಗದೆ ಕೂಗಿದಳಂತೆ; ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಲ್ಲಾಹನ ಕೃಪೆ, ನೀರು ಮಂಚದ ಮಟ್ಟಕ್ಕೆ ಏರಲಿಲ್ಲ. ಮರುದಿನವೇ ಗಲ್ಲಿಯ ಹೆಂಗಸರು ಸೇರಿ ಒಂದು ಏರ್ಪಾಡು ಮಾಡಿಕೊಂಡೆವು. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟರೆ ಸಿದ್ಧರಾಗಿರಿ ಎಂದರ್ಥ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಕಿತ್ತಳೆ ಎಂದು ಕೇಳಿದ ಸಂಜೆಯೇ ಹುಡುಗರು ಖಾಲಾರನ್ನು ಕುರ್ಚಿಯಲ್ಲಿ ಕೂರಿಸಿ ನಮ್ಮ ಮಹಡಿಗೆ ತರುತ್ತಾರೆ. ಮಳೆ ಬಾರದೆ ಹೋದರೆ ನಷ್ಟವೇನು? ಖಾಲಾ ನಮ್ಮ ಮಕ್ಕಳಿಗೆ ಕಥೆ ಹೇಳಿ ಮಲಗುತ್ತಾರೆ, ಅಷ್ಟೇ.

ಮನೆಯೊಳಗಿನ ಸಿದ್ಧತೆಯೂ ದೊಡ್ಡದೇನಲ್ಲ. ರೇಷನ್ ಕಾರ್ಡು, ಆಧಾರ್, ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಸಂಪಿಗೆ ಚರಂಡಿ ನೀರು ಬೆರೆಯಬಹುದು, ಕುಡಿಯುವ ನೀರನ್ನು ಮೊದಲೇ ತುಂಬಿಸಿಡಿ. ನೀರು ಒಳಬರುವ ಮುನ್ನವೇ ಮೇನ್ ಸ್ವಿಚ್ ಆರಿಸಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ತಂತಿ ಕಡಿದು ಬಿದ್ದಿದ್ದರೆ ದೂರವಿದ್ದು 1912ಕ್ಕೆ ಫೋನ್ ಮಾಡಿ, ಪ್ರಾಣಾಪಾಯವಿದ್ದರೆ 112ಕ್ಕೆ. ತುಂಬಿದ ಅಂಡರ್‌ಪಾಸಿಗೆ ಗಾಡಿ ಇಳಿಸಲು ಮನೆಯವರನ್ನು ಬಿಡಬೇಡಿ. 2023ರ ಮೇ 21ರ ಬೇಸಿಗೆ ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ಮರೆಯಲಾದೀತೇ?

ನಿಮ್ಮ ಬೀದಿಯಲ್ಲೂ ತಗ್ಗಿನ ಮನೆಯೊಂದು ಇರಬಹುದು. ಅಲ್ಲಿ ನಡೆಯಲಾಗದವರು ಯಾರಿದ್ದಾರೆ, ಬಾಣಂತಿ ಯಾರಿದ್ದಾರೆ ಎಂದು ಈ ವಾರವೇ ಹೋಗಿ ವಿಚಾರಿಸಿ. ಯಾರ ಮಹಡಿಯಲ್ಲಿ ಅವರಿಗೆ ಜಾಗ, ಎತ್ತಿ ತರುವವರು ಯಾರು ಎಂಬುದನ್ನು ಬಿಸಿಲಿರುವಾಗಲೇ ಮಾತಾಡಿಕೊಳ್ಳಿ.