ಕುಮಾರ ಪರ್ವತದ ದಾರಿಯಲ್ಲಿ ಬೆನ್ನುಚೀಲದ ಪರೀಕ್ಷೆ

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬಸ್ಸಿಳಿಯುವವರಲ್ಲಿ ಎರಡು ಬಗೆ. ಹಣ್ಣುಕಾಯಿಯ ಚೀಲ ಹಿಡಿದು ದೇವಸ್ಥಾನದ ಕಡೆ ನಡೆಯುವವರು ಹೆಚ್ಚು. ಬೆನ್ನಿಗೆ ಚೀಲ ಏರಿಸಿಕೊಂಡು ಊರಿನ ಹಿಂದಿನ ಕಾಡಿನತ್ತ ಮುಖ ಮಾಡುವವರು ಕಡಿಮೆ. ಎರಡನೆಯ ಬಗೆಯವರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಅಧಿಕ. ಅವರ ಗುರಿ 1712 ಮೀಟರ್ ಎತ್ತರದ ಕುಮಾರ ಪರ್ವತ. ಪುಷ್ಪಗಿರಿ ಎಂದೂ ಕರೆಯುವ ಈ ಶಿಖರ, ತಡಿಯಂಡಮೋಳ್ ಬಿಟ್ಟರೆ ಕೊಡಗಿನಲ್ಲೇ ಅತಿ ಎತ್ತರದ್ದು. ಕುಮಾರಧಾರಾ ನದಿ ಹುಟ್ಟಿ ಬರುವುದು ಈ ಬೆಟ್ಟಸಾಲಿನಲ್ಲೇ.

ಸೋಮವಾರಪೇಟೆಯ ಕಡೆಯಿಂದ ಏರುವ ದಾರಿ ಚಿಕ್ಕದು. ಕುಕ್ಕೆಯ ಕಡೆಯದು ಉದ್ದ. ಒಂದು ದಿಕ್ಕಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ನಡೆದು, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರವನ್ನು ಕಾಲಿನ ಬಲದಿಂದಲೇ ಗಳಿಸಬೇಕು. ಇಷ್ಟು ಕಷ್ಟದ ದಾರಿಗೆ ಹೊರಡುವವರು ಬೂಟು ಕೊಳ್ಳುವಾಗ ಅಂಗಡಿಯಲ್ಲಿ ಹತ್ತು ಸಲ ಹಾಕಿ ತೆಗೆದು ನೋಡುತ್ತಾರೆ. ಬೆನ್ನುಚೀಲವನ್ನು ಮಾತ್ರ ಬಣ್ಣ ನೋಡಿ, ಲೀಟರ್ ಕೇಳಿ ಕೊಂಡು ತರುತ್ತಾರೆ. ಇಲ್ಲವೇ ಅಣ್ಣನದೋ ಗೆಳೆಯನದೋ ಎರವಲು ತರುತ್ತಾರೆ. ಬೂಟಿಗೆ ಅಳತೆ ಇರುವಂತೆ ಬೆನ್ನುಚೀಲಕ್ಕೂ ಅಳತೆ ಇದೆ ಎಂಬುದು ಬೆಟ್ಟ ಹತ್ತಲು ಶುರು ಮಾಡಿದ ಮೇಲೆಯೇ ಗೊತ್ತಾಗುತ್ತದೆ.

ಮೊದಲ ಏರು: ಹೆಗಲೋ ಸೊಂಟವೋ?

ಕುಕ್ಕೆಯಿಂದ ಭೀಮನ ಬಂಡೆಯವರೆಗಿನ ದಾರಿ ದಟ್ಟ ಕಾಡಿನದು. ಮರದ ಬೇರುಗಳೇ ಮೆಟ್ಟಿಲು. ನೆರಳಿದ್ದರೂ ಗಾಳಿಯಿಲ್ಲ, ಅರ್ಧ ಗಂಟೆಯಲ್ಲಿ ಅಂಗಿ ಹಿಂಡುವಷ್ಟು ಬೆವರು. ಇಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣುತ್ತದೆ. ನಡೆಯುತ್ತಿದ್ದವರು ನಿಂತು, ಎರಡೂ ಹೆಬ್ಬೆರಳುಗಳನ್ನು ಹೆಗಲಪಟ್ಟಿಯ ಕೆಳಗೆ ತೂರಿಸಿ ಚೀಲವನ್ನು ಮೇಲೆತ್ತಿಕೊಳ್ಳುತ್ತಾರೆ. ಭಾರವೆಲ್ಲ ಹೆಗಲ ಮೇಲೆ ಕುಳಿತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಗಲು ಭಾರ ಹೊರಲು ಅಷ್ಟೇನೂ ಒಳ್ಳೆಯ ಜಾಗವಲ್ಲ. ಅಲ್ಲಿ ಚರ್ಮದ ಕೆಳಗೆ ಸ್ನಾಯುಗಳ ಜೊತೆಗೆ ತೋಳಿಗೆ ಹೋಗುವ ನರಗಳೂ ರಕ್ತನಾಳಗಳೂ ಇವೆ. ಪಟ್ಟಿ ಬಹಳ ಹೊತ್ತು ಒತ್ತಿದರೆ ಬೆರಳು ಜುಮುಗುಡುತ್ತದೆ, ತೋಳು ಮರಗಟ್ಟುತ್ತದೆ. ಭಾರ ಹೊತ್ತು ದೂರ ನಡೆಯುವ ಸೈನಿಕರಲ್ಲಿ ಇದು ಕೆಲವೊಮ್ಮೆ ತೋಳಿನ ಶಕ್ತಿಯೇ ಕುಂದುವ ಹಂತ ಮುಟ್ಟುವುದುಂಟು. ವೈದ್ಯರು ಇದಕ್ಕೆ ‘ರಕ್‌ಸ್ಯಾಕ್ ಪಾಲ್ಸಿ’ ಎಂದೇ ಹೆಸರಿಟ್ಟಿದ್ದಾರೆ. ಸೊಂಟದ ಕಥೆ ಬೇರೆ. ಅಲ್ಲಿನ ಅಗಲವಾದ ಮೂಳೆಯ ಮೇಲೆ ಕುಳಿತ ಭಾರ, ಬೆನ್ನುಹುರಿಯ ಉದ್ದಕ್ಕೂ ಇಳಿಯದೆ ನೇರವಾಗಿ ದೇಹದ ಅತಿ ಬಲವಾದ ಸ್ನಾಯುಗಳಿರುವ ಕಾಲುಗಳಿಗೆ ಹೋಗುತ್ತದೆ.

ಚಾರಣದ ಚೀಲಕ್ಕೆ ಈ ಬುದ್ಧಿ ಬಂದದ್ದು ತೀರ ಹಿಂದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಡಗಿ ಕೆಲಸ ಬಲ್ಲ ಡಿಕ್ ಕೆಲ್ಟಿ ಎಂಬಾತ ಮರದ ಚೌಕಟ್ಟಿನ ಚೀಲ ಹೊತ್ತು ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಅಲೆಯುತ್ತಿದ್ದ. ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿದರೆ ಹೆಗಲು ಹಗುರವಾಗುತ್ತದೆ ಎಂಬುದು ಆಗ ಗಮನಕ್ಕೆ ಬಂತು. ಅಲ್ಯೂಮಿನಿಯಂ ಚೌಕಟ್ಟಿಗೆ ಸೊಂಟಪಟ್ಟಿ ಸೇರಿಸಿದ ಚೀಲಗಳನ್ನು ಆತ 1952ರಲ್ಲಿ ಪತ್ನಿ ನೀನಾ ಜೊತೆ ಸೇರಿ ಮನೆಯಲ್ಲೇ ತಯಾರಿಸಿ ಮಾರಲಾರಂಭಿಸಿದ. ಇಂದಿನ ಒಳಚೌಕಟ್ಟಿನ ಚೀಲಗಳಲ್ಲೂ ಕೆಲಸ ಮಾಡುವುದು ಅದೇ ಉಪಾಯ. ಸರಿಯಾಗಿ ಹೊಂದಿಸಿದ ದೊಡ್ಡ ಚೀಲದಲ್ಲಿ ಭಾರದ ಮುಕ್ಕಾಲು ಪಾಲು ಸೊಂಟದ ಮೇಲಿರುತ್ತದೆ. ಹೆಗಲಪಟ್ಟಿಯ ಮುಖ್ಯ ಕೆಲಸ ಚೀಲ ಹಿಂದಕ್ಕೆ ಬೀಳದಂತೆ ಹಿಡಿದುಕೊಳ್ಳುವುದು.

ಅಳೆಯಬೇಕಾದ್ದು ಬೆನ್ನನ್ನು

ಸೊಂಟಪಟ್ಟಿ ಸೊಂಟದ ಮೂಳೆಯ ಮೇಲೆಯೇ ಕೂರಬೇಕಾದರೆ ಚೀಲದ ಬೆನ್ನಿನ ಉದ್ದ, ಹೊರುವವರ ಬೆನ್ನಿನ ಉದ್ದಕ್ಕೆ ಸರಿಹೊಂದಬೇಕು. ಇಲ್ಲಿ ಆಳಿನ ಎತ್ತರ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಎತ್ತರದ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಬೆನ್ನು ಉದ್ದ ಇರಬಹುದು. ಇಬ್ಬರಿಗೂ ಒಂದೇ ಚೀಲ ಒಗ್ಗುವುದಿಲ್ಲ.

ಅಳೆಯಲು ದರ್ಜಿಯ ಟೇಪು ಸಾಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯೇ ಏಳನೆಯ ಕಶೇರುಕ. ಅದು ಮೇಲಿನ ಗುರುತು. ಎರಡೂ ಕೈಗಳನ್ನು ಸೊಂಟದ ಮೂಳೆಯ ಏಣಿನ ಮೇಲಿಟ್ಟು ಹೆಬ್ಬೆರಳುಗಳನ್ನು ಬೆನ್ನಿನ ಕಡೆ ಚಾಚಿದರೆ, ಅವೆರಡನ್ನೂ ಸೇರಿಸುವ ಗೆರೆ ಕೆಳಗಿನ ಗುರುತು. ಬೆನ್ನಿನ ವಕ್ರವನ್ನು ಅನುಸರಿಸಿ ಇವೆರಡರ ನಡುವೆ ಅಳೆದದ್ದೇ ಬೆನ್ನಿನ ಉದ್ದ. ತನ್ನನ್ನು ತಾನೇ ಅಳೆದುಕೊಳ್ಳಲಾಗದು, ಮನೆಯವರ ಸಹಾಯ ಬೇಕು.

ಬೆನ್ನಿಗಿಂತ ಚೀಲ ಉದ್ದವಾದರೆ ಸೊಂಟಪಟ್ಟಿ ಮೂಳೆಯಿಂದ ಕೆಳಗೆ ಜಾರಿ, ಕಾಲೆತ್ತಿದಾಗಲೆಲ್ಲ ತೊಡೆಗೆ ಅಡ್ಡ ಬರುತ್ತದೆ. ಗಿಡ್ಡವಾದರೆ ಪಟ್ಟಿ ಹೊಟ್ಟೆಯ ಮೇಲೇರಿ ಉಸಿರು ಹಿಡಿಯುತ್ತದೆ, ಭಾರ ಮತ್ತೆ ಹೆಗಲಿಗೇ ಮರಳುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಬೆನ್ನಿನ ಉದ್ದ ಏರಿಸಿ ಇಳಿಸಬಹುದಾದ ಚೀಲ ಲೇಸು. ಹುಡುಗಿಯರಿಗೆಂದೇ ತಯಾರಾದ ಚೀಲಗಳಲ್ಲಿ ಬೆನ್ನು ಗಿಡ್ಡ, ಹೆಗಲಪಟ್ಟಿಗಳ ನಡುವಿನ ಅಂತರ ಕಿರಿದು, ಸೊಂಟಪಟ್ಟಿಯ ಬಾಗು ಬೇರೆ. ಅಣ್ಣನ ಚೀಲ ತಂಗಿಗೆ ಒಗ್ಗದಿರುವುದು ಅವಳ ಶಕ್ತಿಯ ದೋಷವಲ್ಲ.

ಭಟ್ಟರ ಮನೆ: ತೂಕದ ಲೆಕ್ಕ

ಐದಾರು ಕಿಲೋಮೀಟರ್ ಏರಿದ ಮೇಲೆ ಕಾಡು ತೆರೆದು ಗಿರಿಗದ್ದೆ ಕಾಣುತ್ತದೆ. ದಶಕಗಳಿಂದ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿ ಹೆಸರಾದ ‘ಭಟ್ಟರ ಮನೆ’ ಇರುವುದು ಇಲ್ಲೇ. ಅಂಗಳದಲ್ಲಿ ಚೀಲ ಇಳಿಸಿದೊಡನೆ ಹಲವರು ಒಳಗಿನ ಸಾಮಾನು ಹೊರತೆಗೆದು ಹೊರೆ ಕಡಿಮೆ ಮಾಡುವ ದಾರಿ ಹುಡುಕುತ್ತಾರೆ. ಆ ಲೆಕ್ಕ ಹಾಕಬೇಕಾದ್ದು ಮನೆಯಲ್ಲಿ.

ಮಕ್ಕಳ ಶಾಲಾ ಚೀಲ ದೇಹತೂಕದ ಹತ್ತನೆಯ ಒಂದು ಭಾಗ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿತು. ಒಂಬತ್ತು, ಹತ್ತನೆಯ ತರಗತಿಯವರಿಗೆ ಅದು ನಿಗದಿಪಡಿಸಿದ ಮಿತಿ ನಾಲ್ಕರಿಂದ ಐದು ಕಿಲೋ. ಸಮತಟ್ಟಾದ ರಸ್ತೆಯಲ್ಲಿ ಶಾಲೆಗೆ ನಡೆಯುವುದಕ್ಕೇ ಇಷ್ಟು ಎಚ್ಚರ ಬೇಕಾದರೆ, ಬೆಟ್ಟಕ್ಕೆ ಎಷ್ಟು ಬೇಡ? ಸೊಂಟಪಟ್ಟಿ ಇರುವ ಒಳ್ಳೆಯ ಚೀಲದಲ್ಲಿ ಹದಿಹರೆಯದವರು ದೇಹತೂಕದ ಶೇಕಡಾ ಹತ್ತರಿಂದ ಹದಿನೈದರವರೆಗೆ, ಪಳಗಿದ ವಯಸ್ಕರು ಇಪ್ಪತ್ತರವರೆಗೆ ಹೊರಬಹುದೆಂಬುದು ಚಾರಣಿಗರ ಸಾಮಾನ್ಯ ಲೆಕ್ಕ.

45 ಕಿಲೋ ತೂಗುವ ವಿದ್ಯಾರ್ಥಿಯೊಬ್ಬನ ಉದಾಹರಣೆ ನೋಡಬಹುದು. ಅವನ ಮಿತಿ ನಾಲ್ಕೂವರೆಯಿಂದ ಆರೂಮುಕ್ಕಾಲು ಕಿಲೋ. ಖಾಲಿ ಚೀಲ ಒಂದು ಕಿಲೋ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಮೂರು ಲೀಟರಿಗೆ ಮೂರು. ಬುತ್ತಿ, ಮಳೆಯಂಗಿ, ಬೆಚ್ಚನೆಯ ಬಟ್ಟೆ, ಟಾರ್ಚು, ಔಷಧಿ ಎಲ್ಲ ಸೇರಿ ಎರಡು ಕಿಲೋ. ಆಗಲೇ ಆರಾಯಿತು. ‘ಇರಲಿ, ಬೇಕಾದೀತು’ ಎಂದು ಅಮ್ಮ ಕೊನೆಯ ಗಳಿಗೆಯಲ್ಲಿ ತುರುಕುವ ಚಕ್ಕುಲಿ ಡಬ್ಬಿಗೆ ಉಳಿದಿರುವ ಜಾಗ ಮುಕ್ಕಾಲು ಕಿಲೋ ಮಾತ್ರ!

ಒಂದು ದಿನದ ಚಾರಣಕ್ಕೆ 25ರಿಂದ 30 ಲೀಟರ್ ಚೀಲ ಸಾಕು. ಗುಡಾರ, ಮಲಗುಚೀಲ ಒಯ್ಯುವ ಎರಡು ಮೂರು ದಿನದ ಶಿಬಿರಕ್ಕೆ 40ರಿಂದ 50 ಲೀಟರ್ ಬೇಕಾದೀತು. ದೊಡ್ಡ ಚೀಲ ಕೊಂಡರೆ ಎಲ್ಲಕ್ಕೂ ಆಯಿತು ಎನ್ನುವ ಲೆಕ್ಕ ತಪ್ಪು, ಖಾಲಿ ಜಾಗ ಕಂಡರೆ ತುಂಬುವ ಆಸೆ ಹುಟ್ಟುತ್ತದೆ.

ಹುಲ್ಲುಗಾವಲಿನಿಂದ ಬಂಡೆಗೆ: ತುಂಬುವ ಕ್ರಮ

ಭಟ್ಟರ ಮನೆಯಿಂದ ಮುಂದೆ ಅರಣ್ಯ ಇಲಾಖೆಯ ತಪಾಸಣಾ ಠಾಣೆ. 2024ರ ಜನವರಿ ಕೊನೆಯ ರಜಾ ದಿನಗಳಲ್ಲಿ ಇಲ್ಲಿ ಸಾವಿರಾರು ಮಂದಿ ಒಮ್ಮೆಲೇ ಸೇರಿ ದೊಡ್ಡ ಸುದ್ದಿಯಾಗಿತ್ತು. ಆ ಬಳಿಕ ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಬಂತು. ಬೇಸಿಗೆಯ ಕಾಡ್ಗಿಚ್ಚಿನ ಕಾಲದಲ್ಲೂ ಮಳೆಗಾಲದಲ್ಲೂ ದಾರಿ ಮುಚ್ಚಿರುವುದುಂಟು. ಹೊರಡುವ ಮುನ್ನ ಇಲಾಖೆಯ ನಿಯಮಗಳನ್ನು ತಿಳಿದುಕೊಳ್ಳಬೇಕು.

ಠಾಣೆ ದಾಟಿದರೆ ಬಯಲು ಹುಲ್ಲುಗಾವಲು. ನೆರಳೆಂಬುದಿಲ್ಲ, ಗಾಳಿಗೆ ತಡೆಯಿಲ್ಲ. ಕಲ್ಲು ಮಂಟಪ ದಾಟಿ ಶೇಷ ಪರ್ವತದ ಕಡಿದಾದ ಏರು. ಅಲ್ಲಿಂದ ತುಸು ಇಳಿದು ಶೋಲಾ ಕಾಡು ಹೊಕ್ಕು, ಕೊನೆಗೆ ಬಂಡೆಯ ಇಳಿಜಾರು ಹತ್ತಿದರೆ ಶಿಖರ. ಬಂಡೆ ಒದ್ದೆಯಿದ್ದರೆ ಕೈಯೂರಿಯೇ ಹತ್ತಬೇಕು. ಚೀಲದೊಳಗೆ ಏನು ಎಲ್ಲಿದೆ ಎಂಬುದು ಸುರಕ್ಷೆಯ ಪ್ರಶ್ನೆಯಾಗುವುದು ಇಲ್ಲಿಯೇ.

ಮಲೆನಾಡಿನ ಹೆಂಗಸರು ಸಿಂಬಿಯ ಮೇಲೆ ಸೌದೆಯ ಹೊರೆಯಿಟ್ಟು ಕೈಬೀಸಿ ನಡೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಹೊರೆಯ ಗುರುತ್ವ ಕೇಂದ್ರ ನೇರ ಪಾದಗಳ ಮೇಲಿರುವುದರಿಂದ ಅವರ ಮೈ ವಾಲುವುದಿಲ್ಲ. ಬೆನ್ನುಚೀಲದ ಭಾರ ಹಿಂದಿದೆ. ಆರು ಕಿಲೋ ಭಾರ ಬೆನ್ನಿನಿಂದ 10 ಸೆಂಟಿಮೀಟರ್ ದೂರದಲ್ಲಿರುವುದಕ್ಕೂ 20 ಸೆಂಟಿಮೀಟರ್ ದೂರದಲ್ಲಿರುವುದಕ್ಕೂ ಹಿಂದಕ್ಕೆಳೆಯುವ ಪರಿಣಾಮದಲ್ಲಿ ಎರಡು ಪಟ್ಟು ವ್ಯತ್ಯಾಸ. ಶಾಲೆಯಲ್ಲಿ ಓದುವ ಸನ್ನೆಯ ನಿಯಮವೇ ಇದು. ಆದ್ದರಿಂದ ಹಗುರವಾದ ಬಟ್ಟೆ, ಮಲಗುಚೀಲ ತಳಕ್ಕೆ. ನೀರು, ಬುತ್ತಿಯಂಥ ಭಾರದ ವಸ್ತುಗಳು ನಡುಮಟ್ಟದಲ್ಲಿ ಬೆನ್ನಿಗೆ ಅಂಟಿದಂತೆ. ಬೇಗ ಬೇಕಾಗುವ ಮಳೆಯಂಗಿ ಮೇಲೆ. ಎಡಬಲ ತೂಕ ಸಮನಾಗಿರಬೇಕು. ಹೊರಗೆ ತೂಗುಬಿಟ್ಟ ಬಾಟಲಿ, ತಟ್ಟೆ, ಬೂಟುಗಳು ಹೆಜ್ಜೆಹೆಜ್ಜೆಗೂ ತೊನೆದು ಸಮತೋಲ ಕೆಡಿಸುತ್ತವೆ.

ಪಟ್ಟಿಗಳನ್ನು ಬಿಗಿಯುವುದಕ್ಕೂ ಕ್ರಮವಿದೆ. ಮೊದಲು ಎಲ್ಲವನ್ನೂ ಸಡಿಲಿಸಿ ಚೀಲ ಏರಿಸಿಕೊಳ್ಳಬೇಕು. ಸೊಂಟಪಟ್ಟಿಯ ನಡುಭಾಗ ಸೊಂಟದ ಮೂಳೆಯ ಏಣಿನ ಮೇಲೆ ಬರುವಂತೆ ಬಿಗಿಯಬೇಕು. ಆಮೇಲೆ ಹೆಗಲಪಟ್ಟಿ; ಅದು ಹೆಗಲನ್ನು ಸಂದಿಲ್ಲದೆ ಅಪ್ಪಬೇಕು, ಆದರೆ ಅದುಮಬಾರದು. ಹೆಗಲಪಟ್ಟಿಯ ಮೇಲಿಂದ ಚೀಲದ ತಲೆಗೆ ಓರೆಯಾಗಿ ಹೋಗುವ ಚಿಕ್ಕ ಪಟ್ಟಿಗಳನ್ನು ಮೆಲ್ಲಗೆ ಎಳೆದರೆ ಚೀಲದ ಮೇಲ್ಭಾಗ ಬೆನ್ನಿನತ್ತ ಬರುತ್ತದೆ. ಕೊನೆಯದು ಎದೆಪಟ್ಟಿ, ಉಸಿರಾಟಕ್ಕೆ ತಡೆಯಾಗದಷ್ಟೇ ಅದರ ಬಿಗಿ. ಹೊಳೆ ದಾಟುವಾಗ ಮಾತ್ರ ಎದೆ ಮತ್ತು ಸೊಂಟದ ಬಕಲ್ ಬಿಚ್ಚಿಕೊಳ್ಳುವುದು ಚಾರಣಿಗರ ರೂಢಿ. ಕಾಲುಜಾರಿದರೆ ಚೀಲ ಕಳಚಿ ಜೀವ ಉಳಿಸಿಕೊಳ್ಳಬಹುದು.

ಇಳಿಯುವಾಗಿನ ನಿಜ

ಶಿಖರದಲ್ಲಿ ಮೋಡದ ನಡುವೆ ನಿಂತಾಗ ಎಲ್ಲ ದಣಿವೂ ಮರೆಯುತ್ತದೆ. ಆದರೆ ಅರ್ಧ ದಾರಿ ಇನ್ನೂ ಬಾಕಿ. ಇಳಿಯುವಾಗ ಉಸಿರಿಗೆ ಸುಖ, ಮೊಣಕಾಲಿಗೆ ಶಿಕ್ಷೆ. ಬೆಳಗಿನಿಂದ ನಡೆದು ಸೋತ ತೊಡೆಗಳು, ಸಡಿಲವಾದ ಸೊಂಟಪಟ್ಟಿ, ಹಿಂದಿನಿಂದ ತಳ್ಳುವ ಚೀಲ ಮೂರೂ ಸೇರಿದರೆ ಹೆಜ್ಜೆ ತಪ್ಪಲು ಒಂದು ಉರುಳುಗಲ್ಲು ಸಾಕು. ನೀರು ಖಾಲಿಯಾದಂತೆ ಚೀಲದೊಳಗಿನ ಸಾಮಾನು ಅಲ್ಲಾಡತೊಡಗುತ್ತದೆ. ಇಳಿಯಲು ಶುರು ಮಾಡುವ ಮುನ್ನ ಎರಡು ನಿಮಿಷ ನಿಂತು, ಪಕ್ಕದ ಪಟ್ಟಿಗಳನ್ನೆಳೆದು ಚೀಲವನ್ನು ಕುಗ್ಗಿಸಿ, ಸೊಂಟಪಟ್ಟಿ ಮತ್ತೆ ಬಿಗಿದುಕೊಂಡರೆ ಮೊಣಕಾಲು ನೆನೆಸಿಕೊಂಡೀತು.

ಪಾಲಕರಿಗೆ ಒಂದು ಮಾತು

ಮಗ ಅಥವಾ ಮಗಳು ಚಾರಣಕ್ಕೆ ಹೊರಡುತ್ತೇನೆಂದಾಗ ಮನೆಯಲ್ಲಿ ಕೇಳುವ ಪ್ರಶ್ನೆಗಳು ಯಾರ ಜೊತೆ, ಎಷ್ಟು ದಿನ, ಎಷ್ಟು ಖರ್ಚು ಎಂಬ ಮೂರು. ‘ಚೀಲ ಬೆನ್ನಿಗೆ ಕೂರುತ್ತದೆಯೇ?’ ಎಂಬ ನಾಲ್ಕನೆಯದನ್ನೂ ಸೇರಿಸಬೇಕು. ಅಂಗಡಿಯಲ್ಲಿ ಖಾಲಿ ಚೀಲವನ್ನು ಬೆನ್ನಿಗೇರಿಸಿ ಕನ್ನಡಿ ನೋಡಿದರೆ ಏನೂ ತಿಳಿಯದು; ಖಾಲಿಯಿದ್ದಾಗ ಎಲ್ಲ ಚೀಲವೂ ಹಿತವೇ. ಒಳಗೆ ಐದಾರು ಕಿಲೋ ಭಾರ ಹಾಕಿಸಿ, ಕಾಲು ಗಂಟೆ ಓಡಾಡಿ, ಮೆಟ್ಟಿಲು ಹತ್ತಿ ಇಳಿದು ನೋಡಬೇಕು. ಎರವಲಿನದಾಗಲಿ ಬಾಡಿಗೆಯದಾಗಲಿ ಇದೇ ಪರೀಕ್ಷೆ. ಹೆಗಲಪಟ್ಟಿ ಅಗಲವೂ ಮೆತ್ತನೆಯದೂ ಆಗಿರಲಿ. ಆರು ಸೆಂಟಿಮೀಟರ್ ಪಟ್ಟಿ ಮೂರಕ್ಕಿಳಿದರೆ ಅದೇ ಭಾರಕ್ಕೆ ಒತ್ತಡ ಎರಡು ಪಟ್ಟಾಗುತ್ತದೆ. ಸೊಂಟಪಟ್ಟಿ ಎಂಬ ಹೆಸರಿನಲ್ಲಿ ಬರಿಯ ನಾಡಾ ಹೊಲಿದಿದ್ದರೆ ಅದರಿಂದ ಭಾರ ಇಳಿಯದು.

ಹೊರಡುವ ವಾರದ ಮೊದಲು ಚೀಲ ತುಂಬಿಸಿಕೊಂಡು ಸಂಜೆ ಊರ ಹೊರಗಿನ ಗುಡ್ಡಕ್ಕೋ ಕೆರೆ ಏರಿಗೋ ಒಂದೆರಡು ಸಲ ಹೋಗಿ ಬಂದರೆ, ಎಲ್ಲಿ ಉಜ್ಜುತ್ತದೆ, ಏನು ಹೆಚ್ಚಾಯಿತು ಎಂಬುದು ಮನೆಯ ಹತ್ತಿರವೇ ತಿಳಿಯುತ್ತದೆ. ಮೊದಲ ಚಾರಣದಲ್ಲೇ ಹೆಗಲು ಸುಲಿಸಿಕೊಂಡು ಬಂದ ಹುಡುಗ ಬೆಟ್ಟವೇ ತನಗೆ ಆಗದೆಂದು ತೀರ್ಮಾನಿಸಿಬಿಡುತ್ತಾನೆ. ಎಷ್ಟೋ ಸಲ ಅವನಿಗೆ ಆಗದೇ ಹೋದದ್ದು ಬೆಟ್ಟವಲ್ಲ, ಬೆನ್ನಿನ ಮೇಲಿದ್ದ ಬೇರೆಯವರ ಅಳತೆಯ ಚೀಲ.