ಬೋರ್ಡಿಗೇರಿದ ಹೆಸರು

ನಮ್ಮವ್ವ ಅಪ್ಪನ ಮದುವೆಗೆ ಕಾಗದ ಪತ್ರ ಇರಲಿಲ್ಲ. ಯಜಮಾನರು, ತಮಟೆ, ಇಡೀ ಕೇರಿಯೇ ಸಾಕ್ಷಿ. ಜಾತಿ ದಾಟಿ ಮದುವೆಯಾಗುವ ಹುಡುಗ ಹುಡುಗಿಗೆ ಆ ಸಾಕ್ಷಿ ಎಲ್ಲಿದೆ? ಅವರಿಗೆ ಕಾಗದವೇ ಕೇರಿ. ಅದಕ್ಕೇ ನಾನು ಅಂಥವರ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುತ್ತೇನೆ.

1954ರ ವಿಶೇಷ ವಿವಾಹ ಕಾಯ್ದೆ ಪುರೋಹಿತನನ್ನು ಕೇಳುವುದಿಲ್ಲ, ಮತಾಂತರವನ್ನೂ ಕೇಳುವುದಿಲ್ಲ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಮೂವರು ಸಾಕ್ಷಿ ಬೇಕು. ಆದರೆ ಅರ್ಜಿ ಕೊಟ್ಟ ಕೂಡಲೇ ಹೆಸರು, ವಿಳಾಸ ಕಚೇರಿಯ ಬೋರ್ಡಿಗೇರುತ್ತದೆ. ಆಕ್ಷೇಪಣೆಗೆ 30 ದಿನ. ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ದೊಣ್ಣೆ ಹಿಡಿದವನಿಗೆ ಸರ್ಕಾರವೇ ವಿಳಾಸ ಬರೆದುಕೊಟ್ಟ ಹಾಗೆ!

1955ರ ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರ ಮಾಡಿಕೊಂಡು ನೋಂದಾಯಿಸಲು ಹೋದವರಿಗೆ ಈ ನೋಟಿಸ್ ಇಲ್ಲ. ಶಾಸ್ತ್ರ ಒಲ್ಲೆ ಅಂದವರಿಗೇ ಕಾಯುವ ಶಿಕ್ಷೆ. ಇದು ಯಾವ ನ್ಯಾಯ?

"ಅಪ್ಪ ಅಮ್ಮನ್ನ ಕರ್ಕೊಂಡ್ ಬನ್ರಿ" ಅಂದ ಒಬ್ಬ ಗುಮಾಸ್ತ. "ಯಾವ ಕಲಮಿನಲ್ಲಿದೆ ತೋರ್ಸಿ ಸ್ವಾಮಿ" ಅಂದೆ. ತೋರಿಸಲಿಲ್ಲ. ವಯಸ್ಸು ತುಂಬಿದವರಿಗೆ ಹೆತ್ತವರ ಒಪ್ಪಿಗೆ ಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಜೋಡಿ ಬಯಸದಿದ್ದರೆ ನೋಟಿಸ್ ಪ್ರಕಟಿಸಬೇಕಿಲ್ಲವೆಂದು 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಕಾಯ್ದೆಯ ಅಕ್ಷರವೂ ಹಾಗೆ ಬದಲಾಗಬೇಕು.

ಅಲ್ಲೀತನಕ ಆ 30 ದಿನ ಅವರಿಗೊಂದು ಸೂರು ಬೇಕು, ಕಡೇ ದಿನ ಮೂರು ಸಹಿ ಬೇಕು. ಸಭೆಗಳಲ್ಲಿ ಜಾತಿ ವಿನಾಶದ ಭಾಷಣ ಮಾಡುವ ಗೆಳೆಯರೇ, ಮೇಷ್ಟ್ರೇ, ಪೆನ್ನು ತಗೊಂಡು ಬನ್ನಿ.